ಭಾಮ ಟೀಚರ್ ದನಿ

ಜೂನ್ ನಾಲ್ಕರ ಬೆಳಿಗ್ಗೆ ಕುಂಞಂಬು ಕೋಲೂರಿಕೊಂಡು ಠಾಣೆಗೆ ಬಂದರು. ಎಪ್ಪತ್ತು ದಾಟಿದ ಹಳೆಯ ಬೀಡಿ ಕಾರ್ಮಿಕ. ಎರಡೂ ಕಣ್ಣು ಕಾಣದು.

"ವಾಚನಾಲಯದ ಕಂಪ್ಯೂಟರಿಂದ ಭಾಮ ಟೀಚರ್ ದನಿ ಕದ್ದಿದ್ದಾರೆ. ಬರ್ಕೊಳ್ಳಿ ಮೇಡಂ."

ರೈಟರ್ ನಗು ತಡೆದುಕೊಂಡ. ಎಸ್‌ಐ ಸಫಿಯಾಗೆ ನಗು ಬರಲಿಲ್ಲ. ಈಚೆಗೆ ಅವರಿಗೆ ನಗುವೂ ಸಿಟ್ಟೂ ಒಂದೂ ಬರುತ್ತಿರಲಿಲ್ಲ. ವಾಚನಾಲಯಕ್ಕೆಂದು ಜೀಪು ಹತ್ತಿದರು.

ಸತ್ಯಭಾಮ ಟೀಚರ್ ತೀರಿಕೊಂಡು ವರ್ಷವಾಗಿತ್ತು. ಕಣ್ಣು ಕಾಣದವರಿಗೆಂದು ಅವರು ಓದಿ ರೆಕಾರ್ಡ್ ಮಾಡಿದ್ದ ಕತೆಗಳನ್ನು ವಾಚನಾಲಯದ ಮೈಕಿನಲ್ಲಿ ದಿನಾ ಸಂಜೆ ಹಾಕುತ್ತಿದ್ದರು. ತಿಂಗಳಿಂದ ಅದು ನಿಂತಿತ್ತು.

"ಕಳ್ಳತನ ಎಲ್ಲಿಂದ ಬಂತು? ಕಂಪ್ಯೂಟರ್ ಓಡ್ತಾನೇ ಇದೆ. ಮಕ್ಕಳು ಏನೋ ಒತ್ತಿ ಅಳಿಸಿರ್ತಾರೆ" ಎಂದರು ಕಾರ್ಯದರ್ಶಿ.

ಪರದೆಯ ಮೇಲೆ ಲಿನಕ್ಸ್. ಆ ಸೀಮೆಯ ಶಾಲೆಗಳಲ್ಲೆಲ್ಲ ಅದೇ ಪರದೆ, ಹಾಗಾಗಿ ಯಾರೂ ಎರಡನೇ ಸಲ ನೋಡಿರಲಿಲ್ಲ. ಕಾನ್ಸ್‌ಟೇಬಲ್ ಲಿಜೀಶ್ ಯಂತ್ರ ಆರಿಸಿ, ಒಳಗಿದ್ದ ಸಿಡಿ ತೆಗೆದು, ಸಿಡಿ ಇಲ್ಲದೆಯೇ ಯಂತ್ರವನ್ನು ಮತ್ತೆ ಚಾಲೂ ಮಾಡಿದ. ಪರದೆ ಕಪ್ಪಾಗಿಯೇ ಉಳಿಯಿತು.

"ಲೈವ್ ಸಿಡಿ ಮೇಡಂ. ಹಾರ್ಡ್ ಡಿಸ್ಕ್ ಇಲ್ದಿದ್ರೂ ಕಂಪ್ಯೂಟರ್ ಇದರಿಂದಲೇ ಓಡುತ್ತೆ. ಆರಿಸಿದ್ರೆ ಏನೂ ಉಳಿಯಲ್ಲ, ಅಷ್ಟೇ."

ಕಂಪ್ಯೂಟರಿನ ಡಬ್ಬ ಬಿಚ್ಚಿದರು. ಡಿಸ್ಕ್ ಇರಲಿಲ್ಲ. ಅದರ ತಿರುಪುಗಳನ್ನು ಮಾತ್ರ ಯಾರೋ ಜೋಪಾನವಾಗಿ ಅವುಗಳ ತೂತಿಗೇ ಸಿಕ್ಕಿಸಿದ್ದರು. ಪಂಚನಾಮೆ ಆಯಿತು, ಎಫ್‌ಐಆರ್ ದಾಖಲಾಯಿತು.

"ಸಿಡಿ ಹಾಕಿದ್ದು ಯಾರು?" ಸಫಿಯಾ ಕಾರ್ಯದರ್ಶಿಯನ್ನು ಕೇಳಿದರು.

"ಪವಿತ್ರನ್. ಇಲ್ಲಿನ ರಿಪೇರಿ ಎಲ್ಲ ಅವನದೇ. ಡಿಸ್ಕ್ ನಿಧಾನ ಆಗಿದೆ, ಇದರಲ್ಲಿ ಓಡಿಸಿ ಅಂದ."

"ಯಾವ ಪವಿತ್ರನ್?"

ಕಾರ್ಯದರ್ಶಿಯ ಮುಖ ಸಪ್ಪಗಾಯಿತು. "ಟೀಚರ್ ಗಂಡ."

ಮನೆ ವಾಚನಾಲಯದ ಹಿಂದೆಯೇ. ಪೊಲೀಸರನ್ನು ಕಂಡ ಪವಿತ್ರನ್ ತಾನೇ ಅಡುಗೆಮನೆಗೆ ನಡೆದ. ಅಕ್ಕಿ ಡಬ್ಬಕ್ಕೆ ಕೈ ಹಾಕಿ, ಹೆಂಡತಿಯ ಟವೆಲಿನಲ್ಲಿ ಸುತ್ತಿದ್ದ ಡಿಸ್ಕ್ ತೆಗೆದು ಮೇಜಿನ ಮೇಲಿಟ್ಟ.

"ಬೇಡ ಅಂದ್ರೆ ಅಳಿಸಬಹುದಿತ್ತಲ್ಲ?"

"ಕೈ ಬರಲಿಲ್ಲ."

"ತೆಗೆದದ್ದು ಯಾಕೆ?"

"ಆ ದನಿ ಕೇಳಿದಾಗೆಲ್ಲ ಎರಡು ಲೋಟ ಚಹಾ ಮಾಡ್ತಿದ್ದೆ ಮೇಡಂ. ದಿನಾ ಒಂದನ್ನ ಚೆಲ್ತಿದ್ದೆ." ಟವೆಲು ಮಡಿಸುತ್ತ ಹೇಳಿದ: "ಮಕ್ಕಳಿಗೆ ಕಂಪ್ಯೂಟರ್ ತಪ್ಪಬಾರದು ಅಂತ ಸಿಡಿ ಹಾಕಿದೆ."

ಸಂಜೆ ಬಂಧನ ದಾಖಲಾಯಿತು. ಡಿಸ್ಕ್ ಅದೇ ಹೌದೋ ಎಂದು ಠಾಣೆಯಲ್ಲಿ ಸಾಕ್ಷಿಗಳ ಮುಂದೆ ಹಾಕಿ ನೋಡಬೇಕಿತ್ತು. ಪವಿತ್ರನ್ ಬೆಂಚಿನ ಒಂದು ತುದಿಯಲ್ಲಿ, ಕುಂಞಂಬು ಇನ್ನೊಂದು ತುದಿಯಲ್ಲಿ ಕುಳಿತಿದ್ದರು.

"ಹೇಳಿದ್ರೆ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿದ್ನಲ್ಲೋ ಪವಿತ್ರಾ."

"ಹೇಳಬೇಕು ಅಂತ ತೋಚಲಿಲ್ಲ."

ಲಿಜೀಶ್ ಕೊನೆಯ ರೆಕಾರ್ಡಿಂಗ್ ಹಾಕಿದ. ಭಾಮ ಟೀಚರ್ ಅರ್ಧ ಕತೆ ಓದಿ, ಕೆಮ್ಮಿ, ನಿಲ್ಲಿಸಿದರು. "ಇವತ್ತಿಗೆ ಸಾಕು. ನಮ್ಮ ಪವಿತ್ರೇಟ್ಟ ಚಹಾ ಮಾಡಿಟ್ಟು ಕಾಯ್ತಿರ್ತಾರೆ."

ಪವಿತ್ರನ್ ಎದ್ದು ಬಾಗಿಲತ್ತ ನಡೆದ. ಲಿಜೀಶ್ ತಡೆಯಲು ಮುಂದಾದ. ಸಫಿಯಾ ಬೇಡವೆಂದು ಕೈ ಅಡ್ಡ ಹಿಡಿದರು. ಹೊಸ್ತಿಲ ಬಳಿ ಅವನು ತಾನೇ ನಿಂತು, ಎಲ್ಲಿದ್ದೇನೆಂದು ಸುತ್ತ ನೋಡಿ, ವಾಪಸು ಬಂದು ಕುಳಿತ.