ಹಸಿರಾದ ಹೆಸರು

ಈಶಪ್ಪ ಕಾಲುವೆ ಪಾಲಾಗಿ ಒಂಬತ್ತು ದಿನವಾಗಿತ್ತು. ಸಿಕ್ಕಿಕೊಂಡ ಪೈಪು ಬಿಡಿಸಲು ಇಳಿದವನು ಮೇಲೆ ಬರಲಿಲ್ಲ. ಮೂರನೆಯ ದಿನ ದೇಹ ಸಿಕ್ಕು, ಮಣ್ಣೂ ಆಯಿತು. ಆದರೂ ಈ ಬೆಳಿಗ್ಗೆ ಮೌನಮ್ಮನ ಕಂಪ್ಯೂಟರಿನಲ್ಲಿ ಅವನ ಹೆಸರು ಹಸಿರಾಯಿತು.

ಶಹಾಪುರದ ತರಬೇತಿ ಕೇಂದ್ರದಲ್ಲಿ ಅವಳದು ಒಂದೇ ಕೆಲಸ. ಮೋಟರ್ ರಿಪೇರಿಯ ಆನ್‌ಲೈನ್ ಕೋರ್ಸಿಗೆ ಸೇರಿದವರಲ್ಲಿ ಯಾರು ಪಾಠ ನೋಡಿದರು, ಯಾರು ನೋಡಲಿಲ್ಲ ಎಂದು ಗಮನಿಸುವುದು. ನೋಡಿದವರು ಹಸಿರು, ನೋಡದವರು ಕೆಂಪು. ಹತ್ತು ದಿನ ಕೆಂಪಾಗಿದ್ದರೆ ಹೆಸರು ತೆಗೆಯಬೇಕು.

ವನದುರ್ಗದ ಈಶಪ್ಪ ಮೊದಲ ವಾರವೇ ಕೆಂಪಾಗಿದ್ದ. ಫೋನ್ ಮಾಡಿ ಬೈದಿದ್ದಳು.

"ಬೈರಿ ಮೇಡಂ, ಇನ್ನಷ್ಟು ಬೈರಿ. ಈ ದನಿ ಕೇಳಾಕಂತನ ಪಾಠ ಬಿಟ್ಟೀನಿ."

"ಬಾಯಿ ಮುಚ್ರಿ! ನಾಳಿ ಹಸಿರಾಗಲಿಲ್ಲಂದ್ರ ನಿಮ್ಮ ಹೆಸರಿಗಿ ಗೀಟು ಹೊಡಿತೀನಿ."

ಆಮೇಲೆ ಇದ್ದಷ್ಟು ದಿನ ಅವನು ಕೆಂಪಾಗಲೇ ಇಲ್ಲ. ಪ್ರತಿ ಪಾಠದ ಕೊನೆಗೆ 'ನಿಮ್ಮ ಅನಿಸಿಕೆ' ಎಂಬ ಖಾನೆ ಇತ್ತು. ಅದನ್ನು ಓದುವವಳು ಇವಳೊಬ್ಬಳೇ ಎಂದು ತಿಳಿದದ್ದೇ ತಡ, ಮೋಟರಿನ ಮಾತು ಬಿಟ್ಟ. "ನಿನ್ನಿ ಆಫೀಸಿಗಿ ಬಂದಿದ್ದೆ. ನೀವು ತಲಿ ಎತ್ತಲಿಲ್ಲ. ಜಡಿಯಾಗಿನ ಮಲ್ಲಿಗಿ ಅಷ್ಟ ನನ್ನ ನೋಡ್ತು." ಒಂದು ದಿನ ನೇರವಾಗಿ ಕೇಳಿಯೂ ಬಿಟ್ಟ: "ಲಗ್ನ ಆಗ್ತೀರೇನ್ರಿ?" ಮೌನಮ್ಮ ನಗು ನುಂಗಿ, "ಮೊದಲ ಕೋರ್ಸ್ ಮುಗಸ್ರಿ" ಎಂದಿದ್ದಳು.

ಈಗ ಆ ಖಾನೆ ಮತ್ತೆ ತುಂಬಿತ್ತು. "ಹೆಸರು ತೆಗೀಬ್ಯಾಡ್ರಿ. ಇನ್ನ ಎರಡು ಪಾಠ ಅದಾವ."

ಮೌನಮ್ಮ ಎರಡು ಸಲ ಓದಿದಳು. ಮರುದಿನ ಮತ್ತೆ ಹಸಿರು. "ಇನ್ನ ಒಂದ."

ಅವತ್ತು ಉಟ್ಟಿದ್ದ ಹೊಸ ಹಸಿರು ಸೀರೆಯಲ್ಲೇ ಅವಳು ವನದುರ್ಗದ ಆಟೊ ಹತ್ತಿದಳು. ಈಶಪ್ಪನ ತಾಯಿ ಕರೆಮ್ಮ ಕೋಟೆಯ ಗುಡ್ಡದ ಬುಡದಲ್ಲಿ ಕೂತಿದ್ದಳು. ಕೈಯಲ್ಲಿ ಮಗನ ಫೋನು.

"ಮನ್ಯಾಗ ಸಿಗ್ನಲ್ ಇಲ್ಲವ್ವ. ಪಾಠ ನೋಡಿ ಎಲ್ಲಾ ಬರದು ಇಟ್ಕೊಂಡು, ಗುಡ್ಡ ಹತ್ತಿ ಕಳಿಸ್ತಿದ್ದ. ನೀರಿಗಿಳಿಯೂ ಮುಂದ ಫೋನು ದಂಡಿಮ್ಯಾಲ ಇಟ್ಟಿದ್ದ. ಹತ್ತು ದಿನಕ್ಕ ಹೆಸರು ತೆಗೀತಾರಂತ ಹೇಳಿದ್ದ. ಅದಕ್ಕ ನಾನ ಮ್ಯಾಲ ಒಯ್ಯಾಕತ್ತೀನಿ. ಒಮ್ಮಿ ಹತ್ತಿದ್ರ ಒಂದ ಹೋಗ್ತದ. ಮಗಾ ಹೋದ, ಹೆಸರರ ಇರಲಿ."

ಮೌನಮ್ಮನ ಎದೆಯ ಭಾರ ಇಳಿಯಿತು. ಸತ್ತವನು ಬರೆದದ್ದಲ್ಲ; ಬದುಕಿದ್ದಾಗ ಬರೆದದ್ದು ತಡವಾಗಿ ಬಂದದ್ದು, ಅಷ್ಟೇ.

"ನಡಿ ಯವ್ವಾ, ಕೊನೀದು ಇಬ್ರೂ ಕೂಡಿ ಕಳಸೂಣು."

ಮೇಲೆ ಗಾಳಿ ಬಿಸಿಯಾಗಿತ್ತು. ಕರೆಮ್ಮ ಫೋನನ್ನು ಎಂದಿನ ಬಂಡೆಯ ಮೇಲಿಟ್ಟಳು. ಸ್ವಲ್ಪ ಹೊತ್ತಿಗೆ ಮೌನಮ್ಮ ತನ್ನ ಫೋನಿನಲ್ಲಿ ನೋಡಿದಳು: ಈಶಪ್ಪ, ನೂರಕ್ಕೆ ನೂರು. ಕೆಳಗೆ ಅನಿಸಿಕೆ.

"ಮುಗೀತ್ರಿ. ಉತ್ತರ ಕೇಳಾಕ ನಾ ಬರಾಕ ಆಗಲಿಲ್ಲ, ನೀವ ಬಂದ್ರಿ. ಹಸಿರು ಸೀರಿ ಒಪ್ಪತದ. ಇಳಿಯೂ ಮುಂದ ಅವ್ವನ ಕೈ ಹಿಡೀರಿ, ಕಲ್ಲು ಜಾರ್ತಾವ."

ಅವಳು ಸುತ್ತಲೂ ನೋಡಿದಳು. ಕರೆಮ್ಮನನ್ನು ಬಿಟ್ಟರೆ ಯಾರೂ ಇಲ್ಲ. ದೂರದಲ್ಲಿ ದಂಡೆಯುದ್ದಕ್ಕೂ ತುಂಬಿದ ಕಾಲುವೆ, ಸದ್ದಿಲ್ಲದೆ.

ಹೆದರಿಕೆ ಬಂತು. ಹೋಯಿತು.

"ಹೂಂ," ಎಂದಳು ಗಾಳಿಗೆ. "ಆಗ್ತಿದ್ದೆ."

ಕರೆಮ್ಮನ ಕೈಯನ್ನು ಗಟ್ಟಿಯಾಗಿ ಹಿಡಿದು ಗುಡ್ಡ ಇಳಿದಳು.