ವಿಗ್ ಅಂಗಡಿಯ ವೆಬ್ ವಿಳಾಸ

‘ವೆಬ್‌ಸೈಟಾ? ಅದು ಅದರ ಪಾಡಿಗೆ ನಡ್ಕೊಂಡು ಹೋಗುತ್ತೆ’ ಎಂದು ಭಾವ ಗಿರಾಕಿಯ ಮುಂದೆ ಅಂದ ದಿನವೇ ಭಾಮೈದ ಹಲ್ಲು ಕಚ್ಚಿದ. ಎಂಟು ವರ್ಷ ಅದನ್ನು ಕಟ್ಟಿ ಬೆಳೆಸಿದವನು ಇವನು. ವಿಗ್ ಅಂಗಡಿಯ ಮೆಟ್ಟಿಲನ್ನು ಹಾಡಹಗಲೇ ಹತ್ತುವವರು ಎಷ್ಟು ಜನ? ಬೋಳುತಲೆಯವರೆಲ್ಲ ಮನೆಯ ಬಾಗಿಲು ಹಾಕಿಕೊಂಡು ಆ ವಿಳಾಸ ಒತ್ತಿ ಆರ್ಡರ್ ಕೊಡುವವರೇ. ಆದರೂ ಪಾಲುದಾರಿಕೆ ಕೇಳಿದಾಗಲೆಲ್ಲ ಭಾವ ‘ನೋಡೋಣ ಬಿಡೋ’ ಎಂದು ಬಾಚಣಿಗೆ ಎತ್ತಿಕೊಳ್ಳುತ್ತಿದ್ದ.

ನೋಡೋಣವಂತೆ! ತೋರಿಸಿಯೇ ಬಿಡುತ್ತೇನೆ ಎಂದುಕೊಂಡ ಭಾಮೈದ.

ಉಪಾಯ ಸರಳ. ವೆಬ್ ವಿಳಾಸವನ್ನು ವರ್ಷಕ್ಕೊಮ್ಮೆ ನವೀಕರಿಸಬೇಕು. ಇಲ್ಲದಿದ್ದರೆ ಅದು ಯಾರ ಕೈಗಾದರೂ ಸಿಗುತ್ತದೆ. ಈ ಸಲ ಬಿಟ್ಟುಬಿಟ್ಟ. ವಿಳಾಸ ಬಿಡುಗಡೆಯಾದ ಬೆಳಿಗ್ಗೆ ಗ್ರಂಥಾಲಯದ ಮೂಲೆಯ ಕಂಪ್ಯೂಟರಿನಲ್ಲಿ ಕೂತು, ಇಲ್ಲದ ಊರಿನ ಇಲ್ಲದ ಮನುಷ್ಯನ ಹೆಸರಲ್ಲಿ ಅದನ್ನೇ ಕೊಂಡ. ಇನ್ನೇನು, ಭಾವ ತಲೆ ಮೇಲೆ ಕೈ ಹೊತ್ತು ಕೂರುತ್ತಾನೆ. ತಾನು ‘ಕಳ್ಳ’ನ ಮನವೊಲಿಸಿ ವಿಳಾಸ ಬಿಡಿಸಿ ತರುತ್ತಾನೆ. ಆಮೇಲೆ ಪಾಲು ಕೊಡದೆ ಭಾವ ಎಲ್ಲಿಗೆ ಹೋದಾನು? ಕಳ್ಳನ ಸ್ವಭಾವವೂ ಸಿದ್ಧವಾಗಿತ್ತು: ಒರಟ, ಹಟಮಾರಿ, ಭಾಮೈದನ ಮಾತಿಗೆ ಮಾತ್ರ ಕರಗುವವನು.

ಆರ್ಡರ್‌ಗಳು ನಿಂತು ಭಾವ ಕಂಗಾಲಾದ ದಿನ, ‘ಐದು ಸಲ ಎಚ್ಚರಿಕೆ ಮೇಲ್ ಬಂದಿರುತ್ತೆ ಭಾವ. ನೀವು ನೋಡೇ ಇಲ್ಲ’ ಎಂದ, ದನಿಗೆ ಬೇಕಾದಷ್ಟೇ ಬೇಸರ ಬೆರೆಸಿ. ಮೇಲ್ ತೆರೆಯಲೂ ಬಾರದ ಭಾವ ಪೆಚ್ಚುಮೋರೆ ಹಾಕಿಕೊಂಡು, ‘ತಪ್ಪು ನಂದೇ ಕಣೋ’ ಅಂದ. ಭಾಮೈದನಿಗೆ ಒಳಗೊಳಗೇ ಹಬ್ಬ.

ಅಕ್ಕ ಮಾತ್ರ ಕೈಕಟ್ಟಿ ಕೂರಲಿಲ್ಲ. ಇಂಥ ವ್ಯಾಜ್ಯಗಳನ್ನೇ ನಡೆಸುವ ವಕೀಲೆಯೊಬ್ಬರನ್ನು ಕರೆತಂದಳು. ಬರಲಿ ಬಿಡಿ, ಇಲ್ಲದ ಮನುಷ್ಯನನ್ನು ಯಾರು ತಾನೇ ಹಿಡಿಯುತ್ತಾರೆ? ಭಾಮೈದನೇ ಕುರ್ಚಿ ಎಳೆದು ಕೊಟ್ಟು, ದೂರಿಗೆ ಖಾರದ ಸಾಲುಗಳನ್ನೂ ಹೇಳಿಕೊಟ್ಟ.

ವಾರ ಕಳೆದು ವಕೀಲೆ ಮತ್ತೆ ಬಂದರು. ವೆಬ್ ವಿಳಾಸಗಳನ್ನು ಮಾರುವ ನೋಂದಣಿ ಕಂಪನಿಯ ಉತ್ತರವನ್ನು ಕೌಂಟರಿನ ಮೇಲೆ, ಎರಡು ವಿಗ್‌ಗಳ ನಡುವೆ ಇಟ್ಟರು.

‘ಎಂಟು ವರ್ಷ ವಿಳಾಸದ ಮಾಲೀಕರಾಗಿದ್ದವರು ನಿಮ್ಮ ಯಜಮಾನರಲ್ಲ’ ಎಂದರು ಅಕ್ಕನಿಗೆ. ‘ನಿಮ್ಮ ತಮ್ಮ. ಐದೂ ಎಚ್ಚರಿಕೆ ಮೇಲ್‌ಗಳು ಇವರಿಗೇ ಹೋಗಿವೆ, ಬೇರೆ ಯಾರಿಗೂ ಇಲ್ಲ.’ ಆಮೇಲೆ ಭಾಮೈದನ ಕಡೆ ತಿರುಗಿದರು. ‘ಐದನೇದಕ್ಕೆ ನವೀಕರಣ ಬೇಡ ಅಂತ ಒತ್ತಿದೀರಿ. ಯಾಕ್ರೀ?’

ಕದ್ದದ್ದು ತನ್ನದನ್ನೇ. ಎಂಟು ವರ್ಷದ ಹಿಂದೆ ಫಾರಂ ತುಂಬುವಾಗ ‘ಮಾಲೀಕರು’ ಎಂಬ ಕಡೆ ಯಾರ ಹೆಸರು ಹಾಕಲಿ ಎಂದು ಕೇಳಿದ್ದು ಅವನಿಗೆ ಈಗ ನೆನಪಾಯಿತು. ಗಿರಾಕಿಯ ತಲೆಯ ಅಳತೆ ತೆಗೆಯುತ್ತಿದ್ದ ಭಾವ ತಿರುಗಿಯೂ ನೋಡದೆ, ‘ನಿನ್ನದೇ ಹಾಕೋ. ನೀನೇನು ಹೊರಗಿನವನಾ?’ ಅಂದಿದ್ದ.