ಕ್ಲಚ್ ಮೇಷ್ಟ್ರ ಪಾಲಿಸಿ

ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ದೂರು ಕೊಡಲು ಬಂದ ಮುದುಕರನ್ನು ಕಂಡು ಹೆಡ್ ಕಾನ್‌ಸ್ಟೆಬಲ್ ಎದ್ದು ನಿಂತ. ಊರಿನ ಅರ್ಧ ಜನಕ್ಕೆ ಕಾರು ಕಲಿಸಿದವರು. ಅಡ್ಡಹೆಸರು ಕ್ಲಚ್ ಮೇಷ್ಟ್ರು.

"ಕೂತ್ಕೊಳಯ್ಯ. ಈಗಲಾದ್ರೂ ಗೇರು ಸರಿಯಾಗಿ ಬೀಳುತ್ತಾ?" ಎಂದರು ಮೇಷ್ಟ್ರು, ಹಳೆಯ ಶಿಷ್ಯನಿಗೆ. ಆಮೇಲೆ ದನಿ ಇಳಿಯಿತು.

ಹಿಂದಿನ ವಾರ ಅವರ ಕಾರು ದರ್ಜಿಯೊಬ್ಬನಿಗೆ ಬಡಿದು ಕಾಲು ಮುರಿದಿತ್ತು. ಚಿಕಿತ್ಸೆಯ ಖರ್ಚು ವಿಮೆಯಿಂದ ಬರುತ್ತದೆಂದು ಮೇಷ್ಟ್ರು ಮಾತು ಕೊಟ್ಟಿದ್ದರು. ಪಾಲಿಸಿ ಅದಕ್ಕೂ ಮೊದಲೇ ರದ್ದಾಗಿದೆ, ನೀವೇ ಕೇಳಿಕೊಂಡಿದ್ದಿರಿ ಎಂದಿತ್ತು ಕಂಪನಿ. ತಾವು ಕೇಳಿಲ್ಲ, ಯಾರೋ ತಮ್ಮ ಸಹಿ ಹಾಕಿದ್ದಾರೆಂಬುದು ದೂರು. ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಇನ್‌ಸ್ಪೆಕ್ಟರ್ ವಿಮಾ ಕಚೇರಿಗೆ ಹೋದರು. ಕಂತು ತಪ್ಪಿದರೆ, ಸುಳ್ಳು ಮಾಹಿತಿ ಕೊಟ್ಟಿದ್ದರೆ ನಾವೇ ನೋಟಿಸು ಕೊಟ್ಟು ರದ್ದು ಮಾಡುತ್ತೇವೆ ಎಂದಳು ಗುಮಾಸ್ತೆ. ಇಲ್ಲಿ ಹಾಗಲ್ಲ, ಗಾಡಿ ಮಾರಿದ್ದೇನೆಂದು ಅರ್ಜಿ ಬಂದಿತ್ತು, ಅಂದೇ ರದ್ದಾಗಿತ್ತು. ಪಂಚನಾಮೆ ಮಾಡಿ ಅರ್ಜಿಯನ್ನು ವಶಕ್ಕೆ ಪಡೆದರು. ಅದರಲ್ಲಿದ್ದ ಫೋನ್ ನಂಬರಿಗೆ ಕಾನ್‌ಸ್ಟೆಬಲ್ ಕರೆ ಮಾಡಿದ. ಎತ್ತಿದ್ದು ಮೇಷ್ಟ್ರ ಮಗಳು.

ಸಂಜೆ ಐದಕ್ಕೆ ಅವರ ಮನೆ. ಮೇಷ್ಟ್ರು ಬಾಗಿಲ ಬಳಿಯೇ ನಿಂತಿದ್ದರು.

"ಸಹಿ ಯಾರು ಹಾಕಿದ್ದು?"

"ನಾನೇ," ಎಂದಳು ಮಗಳು.

"ಯಾಕೆ?"

ಅವಳು ಅಪ್ಪನ ಕಡೆ ನೋಡಲಿಲ್ಲ. "ಅವರಿಗೆ ಎಡಗಡೆ ಸರಿಯಾಗಿ ಕಾಣಲ್ಲ ಸರ್. ಪಕ್ಕದ ಮನೆ ಗೇಟಿಗೆ ಗಾಡಿ ಉಜ್ಜಿ, ಗೇಟು ಮುಂದಕ್ಕೆ ಬಂದಿದೆ ಅಂತಾರೆ. ಸ್ಟೀರಿಂಗ್ ಬಿಡಿ ಅಂತ ಅವರಿಗೆ ನಾನು ಹೇಗೆ ಹೇಳ್ಲಿ? ವಿಮೆ ಇಲ್ದೆ ಅಪ್ಪ ಕೀ ಮುಟ್ಟಲ್ಲ. ಮನೆಗೆ ಕಾಗದ ಬರುತ್ತೆ, ನೋಡಿ ಓಡಿಸೋದು ನಿಲ್ಲಿಸ್ತಾರೆ ಅಂದ್ಕೊಂಡೆ."

ಕಾಗದ ಬರಲಿಲ್ಲ. ಸಂದೇಶ ಬಂದದ್ದು ಅವಳ ಫೋನಿಗೆ. ತೋರಿಸಿದರೆ ಎಲ್ಲ ಹೇಳಬೇಕಿತ್ತು. ಇವತ್ತು, ನಾಳೆ ಎನ್ನುತ್ತಿರುವಾಗಲೇ ಅಪಘಾತವಾಯಿತು.

ದೂರು ವಾಪಸ್ ಪಡೆಯುತ್ತೇನೆಂದರು ಮೇಷ್ಟ್ರು.

"ಹಾಗೆ ಮಾಡೋಕೆ ಬರಲ್ಲ ಸರ್," ಎಂದರು ಇನ್‌ಸ್ಪೆಕ್ಟರ್ ಮೆಲ್ಲಗೆ. "ಸಹಿ ಸುಳ್ಳು ಅಂತ ಸಾಬೀತಾದ್ರೆ ರದ್ದಾಗಿದ್ದೂ ನಿಲ್ಲಲ್ಲ. ವಿಮೆ ದುಡ್ಡು ಸಿಗೋಕೆ ಆ ದರ್ಜಿಗೆ ಉಳಿದಿರೋ ದಾರಿ ಅದೊಂದೇ."

"ಬರ್ಕೊಳ್ಳಿ," ಎಂದಳು ಮಗಳು. "ಎಲ್ಲಿ ಸಹಿ ಮಾಡ್ಲಿ?"

ಆರೂ ಹತ್ತಕ್ಕೆ ಬಂಧನ ದಾಖಲಾಯಿತು.

"ಒಂದ್ಸಲ ಹೇಳ್ಬಾರದಿತ್ತೇನಮ್ಮ?" ಎಂದರು ಮೇಷ್ಟ್ರು, ಜೀಪಿನ ಬಳಿ.

"ಕೇಳ್ತಿದ್ರಾ ಅಪ್ಪಾ?"

ಅವರು ಯೋಚಿಸಿದರು. ಕೊನೆಗೆ ಇಲ್ಲವೆಂದು ತಲೆಯಾಡಿಸಿದರು.

ಕೇಸ್ ಡೈರಿಯಲ್ಲಿ ಉದ್ದೇಶದ ಕೆಳಗೆ ಇನ್‌ಸ್ಪೆಕ್ಟರ್ ಬರೆದರು: ಲಾಭವಿಲ್ಲ. ತಂದೆಗೆ ಹೇಳಲಾಗದ ಮಾತನ್ನು ಬೇರೆ ಯಾರಾದರೂ ಹೇಳಲಿ ಎಂದು.